ಕುಡಿಯದವನ ಹಕ್ಕುಗಳು

ಕುಡಿದು ವಾಹನ ನಡೆಸುವವರಿಗೆ ಕಾನೂನಿನಲ್ಲಿ ಅನೇಕ ಹಕ್ಕುಗಳಿವೆ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಜಮಖಂಡಿ–ಮುಧೋಳ ರಸ್ತೆಯಲ್ಲಿ ನಮ್ಮ ಮದ್ಯಮುಕ್ತ ಚಾಲನಾ ದಳದ ಡೇರೆಯ ಮುಂದಿರುವ ಫಲಕದಲ್ಲಿ ಅವೆಲ್ಲ ಇವೆ. ಊದಲು ಹೊಸ ನಳಿಕೆ ಕೇಳಬಹುದು, ಯಂತ್ರ ತೋರಿಸಿದ ಅಂಕಿಯ ಚೀಟಿ ಪಡೆಯಬಹುದು, ರಕ್ತ ಪರೀಕ್ಷೆ ಮಾಡಿಸಿ ಎನ್ನಬಹುದು, ಗಾಡಿಯನ್ನು ಜೊತೆಗಿದ್ದವರ ಕೈಗೆ ಕೊಟ್ಟು ಕೂಡಲೇ ಹೊರಡಬಹುದು. ಫಲಕ ಬರೆಸಿದವನು ದಳದ ಹವಾಲ್ದಾರನಾದ ನಾನೇ. ಒಂದಕ್ಷರ ತಪ್ಪಿಲ್ಲ, ಬೇಕಾದರೆ ಬಂದು ನೋಡಿರಿ.

ಕುಡಿಯದವರ ವಿಷಯ ಅದರಲ್ಲಿಲ್ಲ. ಮೇಲಿನಿಂದ ಬಂದಿರಲಿಲ್ಲ, ನಾನು ಬರೆಸಲಿಲ್ಲ. ತಿಳಿದದ್ದು ಗೀಚೋದಕ್ಕೆ ಅದೇನು ನನ್ನ ಮನಿ ಗೋಡೆಯೆ?

ಹೀಗಿರುವಾಗ ಒಂದು ಬೆಳಿಗ್ಗೆ ಚಿಕ್ಕಪಡಸಲಗಿಯ ಹಾಲೇಶ ಎಂಬ ಯುವಕ ಕಾರು ಓಡಿಸಿಕೊಂಡು ಬಂದ. ಪಕ್ಕದಲ್ಲಿ ತಾಯಿ ಮಾಯವ್ವ, ಹಿಂದಿನ ಸೀಟಿನಲ್ಲಿ ಸೋದರಮಾವ ಮುತ್ತಣ್ಣ. ಲೋಕಾಪುರಕ್ಕೆ ಕನ್ಯಾ ನೋಡಲು ಹೊರಟಿದ್ದರು. ಕನ್ಯೆಯ ತಂದೆ ಲಗಮಣ್ಣನದು ಒಂದೇ ಷರತ್ತು, ಹುಡುಗ ಕುಡುಕನಾಗಿರಬಾರದು. ಮಧ್ಯಾಹ್ನ ಅವರ ಮನೆಗೆ ಇನ್ನೊಂದು ವರ ಬರುವುದಿತ್ತು, ಅಷ್ಟರೊಳಗೆ ಇವರು ಮುಟ್ಟಬೇಕಿತ್ತು. ಷರತ್ತಿನ ವಿಷಯದಲ್ಲಿ ಹಾಲೇಶ ಗಟ್ಟಿ. ಅಪ್ಪ ಕುಡಿದೇ ಸತ್ತಿದ್ದರಿಂದ ಮಾಯವ್ವ ಮಗನ ಕೈಯಲ್ಲಿ ಬೀರಪ್ಪ ದೇವರ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದಳು. ಅವತ್ತೂ ಅವನ ಹಣೆಯ ತುಂಬ ಆ ಭಂಡಾರದ ಅರಿಶಿನವಿತ್ತು.

ಅವನು ಊದಿದ. ಯಂತ್ರ ಸೊನ್ನೆ ತೋರಿಸಿತು.

ನಮ್ಮ ಯಂತ್ರ ಅಲ್ಲಿಯ ತನಕ ಸೊನ್ನೆ ತೋರಿಸಿದ್ದೇ ಇಲ್ಲ. ನಿಯಮ ಸ್ಪಷ್ಟವಾಗಿದೆ: ಅಂಕಿ ಬಾರದಿದ್ದರೆ ಯಂತ್ರ ಕೆಟ್ಟಿದೆಯೆಂದು ಭಾವಿಸಿ, ಅದು ದುರಸ್ತಿಯಾಗಿ ಬರುವ ತನಕ ಚಾಲಕನನ್ನು ಕೂರಿಸಿಕೊಳ್ಳತಕ್ಕದ್ದು. ಕೂರಿಸಿಕೊಂಡೆವು. ಅವನ ಹಿಂದೆಯೇ ಬಂದ ಟ್ರ್ಯಾಕ್ಟರಿನ ಬಾಳೇಶ ಅದೇ ಯಂತ್ರಕ್ಕೆ ನೂರಾ ನಲವತ್ತು ಊದಿ, ಚೀಟಿ ಕಿಸೆಗಿಟ್ಟು, ಗಾಡಿ ಗೆಳೆಯನಿಗೊಪ್ಪಿಸಿ, ನಮಗೆಲ್ಲ ಕೈಮುಗಿದು ಹೋದ.

ಯಂತ್ರ ಸರಿ ಇದೆಯಲ್ಲ ಎಂದು ಹಾಲೇಶ ತಕರಾರು ತೆಗೆದ. ನಾನು ತಾಳ್ಮೆಯಿಂದ ತಿಳಿಸಿ ಹೇಳಿದೆ.

“ಅವಗ ಛಲೋ ಐತಿ. ನಿನಗ ಕೆಟ್ಟೈತಿ.”

ಫಲಕ ಓದಿಕೊಂಡು ಬಂದು, ಹಾಗಾದರೆ ರಕ್ತ ಪರೀಕ್ಷೆ ಮಾಡಿಸಿರಿ, ಅದು ನನ್ನ ಹಕ್ಕು ಎಂದ. ಓದಿದ ಹುಡುಗರದು ಇದೇ ಹಣೆಬರಹ, ಅರ್ಧ ಓದುತ್ತಾರೆ.

“ನೀ ಕುಡಿದಿಯೇನು?” ಎಂದೆ.

“ಇಲ್ರಿ.”

“ಮತ್ತ ಹಕ್ಕು ಎಲ್ಲಿಂದ ಬರತೈತಿ?”

ಡೇರೆಯೊಳಗೆ ಚಹಾ ಕುಡಿಯುತ್ತಿದ್ದ ನಮ್ಮ ಧರ್ಮರಾಜ ಸಾಹೇಬರು ಬಹಳ ಮರುಗಿದರು. ಸಭ್ಯ ಹುಡುಗ, ಅದಕ್ಕೇ ತೊಡಕಾಗಿದೆ ಎಂದರು. ಅಷ್ಟರಲ್ಲಿ ಲಗಮಣ್ಣನ ಫೋನು ಬಂತು. ಕುಡಿದವರನ್ನು ಹಿಡಿಯುವ ಪೊಲೀಸರು ಹಿಡಿದಿದ್ದಾರೆ ಎಂದು ಬೀಗರಾಗುವವರಿಗೆ ಹೇಳುವುದು ಹೇಗೆ? ಮಾಯವ್ವ ಫೋನು ಎತ್ತದೆ ಅಳಲು ಕುಳಿತಳು.

ಆಗ ಮುತ್ತಣ್ಣ ಬಾಯಿಬಿಟ್ಟ. ಅವನು ಬೆಳಿಗ್ಗೆಯಿಂದ ಹಿಂದಿನ ಸೀಟಿನಲ್ಲಿ ಒಂದು ಬಾಟಲಿಯನ್ನು ನಿಧಾನವಾಗಿ ಇಳಿಸುತ್ತಿದ್ದ. ಹಿಂದಿನ ಸೀಟು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಉಳಿದದ್ದನ್ನು ಅಳಿಯನ ಕಡೆ ಚಾಚಿದ.

“ಎರಡು ಗುಟುಕು ಹಾಕಲೇ. ಹಕ್ಕು ತಾವಾಗೇ ಬರತಾವ.”

ಹಾಲೇಶ ತಾಯಿಯ ಮುಖ ನೋಡಿದ. ಮಾಯವ್ವ ಎದ್ದು ಬಂದು, ಅವನ ಹಣೆಯ ಭಂಡಾರವನ್ನು ಸೆರಗಿನಿಂದ ಒರೆಸಿ, ಆ ತುದಿಯನ್ನು ಗಂಟು ಹಾಕಿಕೊಂಡಳು.

“ಕುಡಿ ಮಗನ. ಬೀರಪ್ಪ ತಿಳಕೋತಾನ. ಇವರು ತಿಳಕೊಳ್ಳೂದಿಲ್ಲ.”

ನನಗೂ ಕರುಳು ಚುರ್ ಎಂದಿತು, ಸುಳ್ಳು ಯಾಕೆ ಹೇಳಲಿ. ಆದರೆ ಕರ್ತವ್ಯದ ಸಮಯವಾಗಿತ್ತು.

ಹುಡುಗ ಕೆಮ್ಮಿದ, ಕಣ್ಣೀರು ಹಾಕಿದ, ಊದಿದ. ಹದಿನೆಂಟು. ಕಾನೂನಿನ ಮಿತಿ ಮೂವತ್ತು, ಅದರೊಳಗಿದ್ದವರೂ ಫಲಕಕ್ಕೆ ಸೇರುವುದಿಲ್ಲ. ಮತ್ತೆ ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಊದಿಸಿದೆವು. ಮೂವತ್ತೊಂದು. ಸಾಹೇಬರೇ ಹೊರಗೆ ಬಂದು ಕೈಕುಲುಕಿದರು. ಸಕಲ ಹಕ್ಕುಗಳೊಂದಿಗೆ ಚೀಟಿ ಕೊಟ್ಟು, ನಿಯಮದಂತೆ ಗಾಡಿಯನ್ನು ಜೊತೆಗಿದ್ದ ಮುತ್ತಣ್ಣನಿಗೆ ಒಪ್ಪಿಸಿದೆವು. ಅವನಿಗೆ ಕಾರಿನ ಬಾಗಿಲು ಸಿಗಲಿಲ್ಲ, ನಾನೇ ತೆಗೆದುಕೊಟ್ಟೆ.

ಮುಂದಿನದನ್ನು ಮದುವೆಯ ಊಟಕ್ಕೆ ಹೋದಾಗ ಕೇಳಿದೆ. ಕಾರು ಲಗಮಣ್ಣನ ಬೇಲಿ ಮುರಿದು ಅಂಗಳದಲ್ಲೇ ನಿಂತಿತಂತೆ. ಇನ್ನೊಂದು ವರ ಆಗಲೇ ಬಂದು ಕುಳಿತು, ತಾನು ಹನಿ ಮುಟ್ಟುವವನಲ್ಲ ಎಂದು ಹೇಳಿ ಮುಗಿಸಿದ್ದ. ಹಾಲೇಶನ ಬಾಯಿ ನಾರುತ್ತಿತ್ತು. ಅವನು ಏನನ್ನೂ ಮುಚ್ಚಿಡದೆ ಚೀಟಿ ಮುಂದಿಟ್ಟ. ಲಗಮಣ್ಣ ಚಷ್ಮಾ ಹಾಕಿಕೊಂಡು ಎರಡು ಸಲ ಓದಿದ.

“ಅವ ಕುಡಿಯೂದಿಲ್ಲ ಅನ್ನೂದು ಬರೇ ಬಾಯಿಮಾತು. ಇವ ಎಷ್ಟು ಕುಡೀತಾನ ಅಂತ ಸರ್ಕಾರನ ಬರದು ಕೊಟ್ಟೈತಿ. ಮೂವತ್ತೊಂದು. ನಮ್ಮ ಓಣ್ಯಾಗ ಇಷ್ಟು ಕಡಿಮಿ ಯಾರದೈತಿ?”

ಮಗಳು ಉಮಾಶ್ರೀಯೂ ಒಪ್ಪಿದಳು, ಮೂವತ್ತೆರಡಾದ ದಿನ ತವರಿಗೆ ಬರುತ್ತೇನೆ ಎಂಬ ಕರಾರಿನ ಮೇಲೆ. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಐ.ಟಿ.ಐ. ಎಂದೂ, ಅದರ ಮುಂದೆ ೩೧ ಎಂದೂ ಅಚ್ಚಾಯಿತು. ಎಲ್ಲರನ್ನೂ ಸುರಕ್ಷಿತವಾಗಿ ಕರೆತಂದ ಮುತ್ತಣ್ಣನಿಗೆ ರುಮಾಲು ಸುತ್ತಿ ಸನ್ಮಾನಿಸಿದರು. ಈಗ ನಮ್ಮ ಡೇರೆಯಲ್ಲಿ ಮದುವೆಗೆ ನಿಂತ ಹುಡುಗರಿಗೆ ಬೇರೆ ಪಾಳಿಯ ವ್ಯವಸ್ಥೆ ಮಾಡಲಾಗಿದೆ.

ಲಗಮಣ್ಣ ಚೀಟಿಯನ್ನು ತಿಂಗಳು ತಿಂಗಳು ಹೊಸದಾಗಿ ಕೇಳುವುದರಿಂದ ಹಾಲೇಶ ತಪ್ಪದೆ ಬರುತ್ತಾನೆ. ಜೊತೆಗೆ ಮಾಯವ್ವನೂ ಬರುತ್ತಾಳೆ. ಮಗನ ಹಣೆಯ ಭಂಡಾರ ಒರೆಸಿ, ಸೆರಗಿಗೆ ಗಂಟು ಹಾಕಿಕೊಂಡು, ತಾನೇ ಲೋಟಕ್ಕೆ ಅಳೆದು ಹಾಕಿಕೊಡುತ್ತಾಳೆ. ಕೈ ಚೆನ್ನಾಗಿ ಕುಳಿತಿದೆ. ಇದುವರೆಗೆ ಒಮ್ಮೆಯೂ ಮೂವತ್ತೆರಡಾಗಿಲ್ಲ.