ಶಿವನಂಜಪ್ಪನವರ ಜೀಪು ಹತ್ತಿದ್ದಕ್ಕೆ ವಿವರಣೆ

ಕೆ.ಆರ್. ನಗರ ತಾಲ್ಲೂಕಿನ ಸಮಸ್ತ ದುಡಿಯುವ ಜನರ ಪರವಾಗಿ ಯೋಚಿಸುವ ಭಾರವನ್ನು ಒಬ್ಬರೇ ಹೊತ್ತಿರುವ, ನಮ್ಮ ಎಡಪಕ್ಷದ ತಾಲ್ಲೂಕು ಕಾರ್ಯದರ್ಶಿಗಳ ಸನ್ನಿಧಾನಕ್ಕೆ, ಮಿರ್ಲೆಯ ಸದಸ್ಯ ಸಿದ್ದಯ್ಯನ ಕೆಂಪು ವಂದನೆಗಳು.

ಮಾನ್ಯರೇ,

೧೯೯೯ರ ಈ ಚುನಾವಣೆಯಲ್ಲಿ ನಮ್ಮೂರಿನ ವೋಟು ಪಕ್ಷಕ್ಕೆ ಬೀಳದಿರಲು ನಾನು 'ವರ್ಗಶತ್ರುವಿನ ಜೀಪು ಹತ್ತಿದ್ದೇ' ಕಾರಣವೆಂದು ತಾವು ಕಳಿಸಿದ ನೋಟೀಸು ತಲುಪಿತು. ಪಕ್ಷದ ಗೋಡೆಬರಹ ಬರೆಯುವ ನನ್ನಂಥವನೊಬ್ಬನಿಗೆ ಇಷ್ಟು ಶಕ್ತಿಯಿದೆಯೆಂದು ಗುರುತಿಸಿದ ಮೊದಲಿಗರು ತಾವೇ. ಊರಿಗೂ ತಿಳಿಯಲೆಂದು ಉತ್ತರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾಟಿಯ ಕಾಲದಲ್ಲಿ, ಕತ್ತಲಾದ ಮೇಲೂ ಗದ್ದೆಯಲ್ಲಿ ದುಡಿಸಬಾರದೆಂದು ನನ್ನ ಹೆಂಡತಿ ಮಾಯಮ್ಮ ಮತ್ತು ಕೇರಿಯ ಹೆಂಗಸರು ಜಮೀನ್ದಾರ ಶಿವನಂಜಪ್ಪನವರ ಕೆಲಸ ನಿಲ್ಲಿಸಿದ್ದು ತಮಗೆ ನೆನಪಿರಬಹುದು. ಸಸಿ ಬೆಳೆಸುವ ಒಟ್ಲಿನಲ್ಲಿ ಪೈರು ನಾಟಿಯ ಹದ ಮೀರಿ ಬಲಿಯುತ್ತಿತ್ತು. ಜಮೀನ್ದಾರರು ಇನ್ನೇನು ಬಗ್ಗುವವರಿದ್ದರು. ಆಗ ತಾವು ದಯಮಾಡಿಸಿ, ಅರಳಿಕಟ್ಟೆಯ ಮೇಲೆ ನಿಂತು, ಲ್ಯಾಟಿನ್ ಅಮೆರಿಕದ ರೈತರ ಸ್ಥಿತಿಗತಿಯನ್ನು ಮನಮುಟ್ಟುವಂತೆ ವಿವರಿಸಿದಿರಿ. ಮಾಯಮ್ಮ ಎದ್ದು, "ಅದೆಲ್ಲ ಸರಿ ಕಣಣ್ಣ, ನಾಳೀಕೆ ಯಜಮಾನ್ರು ಗದ್ದೆಗೆ ಕೂಗುದ್ರೆ ಏನೇಳದು? ನೀವು ಬಂದು ನಮ್ ಜೊತೇಲಿ ನಿಂತ್ಕತೀರಾ?" ಎಂದಳು. ಜಿಲ್ಲಾ ಸಮಿತಿಯಲ್ಲಿ ಚರ್ಚಿಸದೆ ಏನನ್ನೂ ಹೇಳಲಾಗದೆಂದು ತಾವು ಪ್ರಾಮಾಣಿಕವಾಗಿ ನುಡಿದು ಬಸ್ಸು ಹಿಡಿದಿರಿ.

ಮರುದಿನ ನಾನು ಜ್ವರದಿಂದ ಎಚ್ಚರ ತಪ್ಪಿದೆ. ಮಾಯಮ್ಮ ಓಡಿದ್ದು ಊರಿನಲ್ಲಿ ಜೀಪಿದ್ದ ಒಂದೇ ಮನೆಗೆ. ಶಿವನಂಜಪ್ಪನವರು ತಾವೇ ಓಡಿಸಿಕೊಂಡು ಹೋಗಿ ನನ್ನನ್ನು ಕೆ.ಆರ್. ನಗರದ ಆಸ್ಪತ್ರೆಗೆ ಸೇರಿಸಿ, "ಗಂಡನ್ನ ನೋಡ್ಕಳವ್ವ, ನಾಟಿ ಎಲ್ಲೋಗ್ತದೆ ಬುಡು" ಎಂದಷ್ಟೇ ಹೇಳಿ ಹೊರಟರಂತೆ. ಆ ಒಂದು ಮಾತಿನ ಋಣಕ್ಕೆ, ನಾನು ಮನೆಗೆ ಬಂದ ಮರುದಿನವೇ ಮಾಯಮ್ಮ ಗದ್ದೆಗಿಳಿದಳು. ಅವಳ ಹಿಂದೆ ಉಳಿದವರೂ ಇಳಿದರು. ಅಂದೂ ಕತ್ತಲಾದ ಮೇಲೆಯೇ ಬಂದಳು. ಕಾಲಿನ ಕೆಸರನ್ನೂ ತೊಳೆಯದೆ ಗೋಡೆಗೊರಗಿ ಕುಳಿತಳು.

ಜೀಪನ್ನು ನಾನು ನಿರಾಕರಿಸಬೇಕಿತ್ತೆಂಬ ತಮ್ಮ ಮಾತನ್ನು, ಆಗ ಎಚ್ಚರವಿದ್ದಿದ್ದರೆ, ಖಂಡಿತ ಪರಿಶೀಲಿಸುತ್ತಿದ್ದೆ. ಇನ್ನು ಮುಂದೆ ಸದಸ್ಯರಿಗೆ ಬರುವ ಜ್ವರವು ಜಿಲ್ಲಾ ಸಮಿತಿಯ ಒಪ್ಪಿಗೆ ಪಡೆದೇ ಬರಬೇಕೆಂದೂ, ಹೆರಿಗೆ, ಹಾವುಕಡಿತಗಳು ಕ್ರಾಂತಿಯಾಗುವವರೆಗೆ ತಡೆದುಕೊಳ್ಳಬೇಕೆಂದೂ ತಾವೊಂದು ನಿರ್ಣಯ ಅಂಗೀಕರಿಸಬೇಕಾಗಿ ಬೇಡಿಕೊಳ್ಳುತ್ತೇನೆ. ಅದು ಕಷ್ಟವೆನಿಸಿದರೆ, ಆಸ್ಪತ್ರೆಯಿಂದ ಪಕ್ಷದ ಕಚೇರಿಗೆ ಇರುವುದು ಒಂದು ರಸ್ತೆಯಷ್ಟೇ. ಮುಂದಿನ ಸಲವಾದರೂ ಯಾರಾದರೂ ಅದನ್ನು ದಾಟಿ ಬರಲಿ.

ಈಗಲೂ ಪಕ್ಷ ಬಿಡದಿರುವ
ತಮ್ಮ ವಿಶ್ವಾಸಿ,
ಸಿದ್ದಯ್ಯ

ವಿ.ಸೂ.: ವೋಟು ಹಾಕಿ ಹಿಂದಿರುಗುವಾಗ ಯಾರಿಗೆ ಹಾಕಿದೆಯೆಂದು ನಾನು ಮಾಯಮ್ಮನನ್ನು ಕೇಳಲಿಲ್ಲ. ಅವಳೂ ನನ್ನನ್ನು ಕೇಳಲಿಲ್ಲ. ದಯವಿಟ್ಟು ತಾವೂ ಕೇಳಬೇಡಿ.