ಅಣ್ಣನ ತೂತುಚೆಂಡಿನ ಮೈದಾನ

ನನ್ನ ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಪರ್ತ್‌ನ ಅರ್ಧ ಕನ್ನಡಿಗರು ನಂಬಿದ್ದಾರೆ. ಉಳಿದರ್ಧ ಇನ್ನೂ ಅವನ ಹಿತ್ತಲು ನೋಡಿಲ್ಲ, ಅಷ್ಟೇ! ಆದರೆ ಕೆಡಿಸಿದವರು ಯಾರು ಎಂಬುದು ನನ್ನೊಬ್ಬಳಿಗೇ ಗೊತ್ತು. ಅವನಿಗೆ ಒಂದು ನಿಜ ಹೇಳಬೇಕಿತ್ತು. ಮೂವತ್ತೆಂಟು ವರ್ಷ ಹೇಳಲಿಲ್ಲ.

ನನಗಾಗ ಒಂಬತ್ತು, ಅವನಿಗೆ ಹದಿಮೂರು. ಮೈಸೂರಿನ ನಮ್ಮ ವಠಾರದಲ್ಲಿ ಅವನು ಕ್ರಿಕೆಟ್ ಆಡುತ್ತಿದ್ದಾಗ ನಾನು ಪಕ್ಕದ ಮನೆಯ ಸೀಬೆಹಣ್ಣು ಕದಿಯಲು ಕಾಂಪೌಂಡ್ ಹತ್ತಿ, ಜಾರಿ ಬಿದ್ದು, ಹಣೆ ಒಡೆದುಕೊಂಡೆ. ನಾಲ್ಕು ಹೊಲಿಗೆ. "ಹೇಗಾಯ್ತು?" ಎಂದು ಅಪ್ಪ ಗುಡುಗಿದರು. ಅವರ ಮುಂದೆ ಕಳ್ಳತನ ಒಪ್ಪಿಕೊಳ್ಳುವ ಧೈರ್ಯ ಯಾರಿಗಿತ್ತು? "ಅಣ್ಣನ ಚೆಂಡು ಬಡೀತು" ಎಂದುಬಿಟ್ಟೆ. ಅಪ್ಪ ಅವನ ಬ್ಯಾಟನ್ನು ಬಚ್ಚಲೊಲೆಗೆ ತುರುಕಿದರು. ಆ ಬಿಸಿನೀರಲ್ಲಿ ನಾವೆಲ್ಲ ಸ್ನಾನ ಮಾಡಿದೆವು. ಆ ಭಾನುವಾರ ಅವನಿಗೆ ಶಾಲಾ ತಂಡದ ಆಯ್ಕೆ ಇತ್ತು. ಹೋಗಲಿಲ್ಲ. ಮತ್ತೆಂದೂ ಚೆಂಡು ಮುಟ್ಟಲಿಲ್ಲ.

ಅವನಿಗಾದರೂ ಗೊತ್ತಿರಬೇಡವೇ ಎನ್ನುತ್ತೀರಾ? ಹೊಡೆಯುವಾಗ ಕಣ್ಣು ಮುಚ್ಚುವ ಅಭ್ಯಾಸ ಅವನದು! ಕಣ್ಣು ಬಿಟ್ಟಾಗ ತಂಗಿ ರಕ್ತ ಸುರಿಸುತ್ತ ನಿಂತಿದ್ದಳು. ನಂಬಿಬಿಟ್ಟ.

ಅವನು ಓದಿ ಎಂಜಿನಿಯರ್ ಆದ. ನಾನು ಎಂಟನೇ ಕ್ಲಾಸಿಗೇ ಪುಸ್ತಕ ಮುಚ್ಚಿದೆ. ಹೇಗೋ ಇಬ್ಬರೂ ಪರ್ತ್ ಸೇರಿದೆವು. ಅವನು ಎಲೆನ್‌ಬ್ರೂಕ್‌ನಲ್ಲಿ, ನಾನು ವಿಲೆಟನ್‌ನಲ್ಲಿ, ವೃದ್ಧಾಶ್ರಮವೊಂದರ ಅಡುಗೆಮನೆಯ ಕೆಲಸದಲ್ಲಿ. ಹೋದ ಚಳಿಗಾಲದಲ್ಲಿ ಅವನ ಫೋನು ಬಂತು.

"ಪುಟ್ಟಿ, ಹಿತ್ತಲಲ್ಲಿ ಸ್ಟೇಡಿಯಮ್ ಕಟ್ತಾ ಇದೀನಿ ಕಣೇ!"

"ಯಾವ ಆಟದ್ದು?"

"ವಿಫ್‌ಲ್ ಬಾಲು! ಅಮೆರಿಕದವರದ್ದು. ಪ್ಲಾಸ್ಟಿಕ್ ಚೆಂಡು, ತೂತು ತೂತು ಇರುತ್ತೆ. ಬ್ಯಾಟೂ ಪ್ಲಾಸ್ಟಿಕ್ಕೇ. ಹೊಡೆದು ನಾಲ್ಕು ಮೂಲೆ ಸುತ್ತಿ ಬರೋದು. ಯಾರಿಗೂ ಪೆಟ್ಟಾಗಲ್ಲ! ಭಾನುವಾರ ಬಾ, ಗುದ್ದಲಿ ಹಿಡಿ."

ಡ್ಯೂಟಿ ಇದೆ ಎಂದೆ. ಮುಂದಿನ ಐದು ಭಾನುವಾರವೂ ಡ್ಯೂಟಿ ಇತ್ತು. ಭಾನುವಾರ ನನಗೆ ರಜೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು!

ಹಾಗಾಗಿ ಮೈದಾನದ ವರದಿಯೆಲ್ಲ ಅತ್ತಿಗೆಯಿಂದಲೇ. ಎಲೆನ್‌ಬ್ರೂಕಿನ ಹಿತ್ತಲು ಎಂದರೆ ಎಷ್ಟು? ನಾಲ್ಕು ಸೀರೆ ಒಣಹಾಕಿದರೆ ಐದನೆಯದರ ಸೆರಗು ಪಕ್ಕದ ಮನೆಗೆ. ಅದರಲ್ಲಿ ಅಣ್ಣ ಹುಲ್ಲು ಹಾಸಿದ, ತಗಡಿನ ಬೇಲಿಗೆ ಸ್ಕೋರ್‌ಬೋರ್ಡ್ ಬಿಗಿದ, ಕರಿಬೇವಿನ ಗಿಡಕ್ಕೆ ಬಲೆ ಹೊದಿಸಿದ. ಬಟ್ಟೆ ಒಣಹಾಕುವ ಕಂಬ ಕೀಳಲು ಹೊರಟಾಗ ಮಾತ್ರ ಅತ್ತಿಗೆ ಕಂಬಕ್ಕೆ ಬೆನ್ನು ಕೊಟ್ಟು ನಿಂತರಂತೆ.

"ಕಂಬ ಇಲ್ಲೇ ಇರುತ್ತೆ ರೀ. ಬೇಕಿದ್ರೆ ನಿಮ್ಮ ರೂಲ್ ಬದಲಾಯ್ಸ್ಕೊಳ್ಳಿ."

ಬದಲಾಯಿತು. ತಂತಿಗೆ ಬಡಿದರೆ ಎರಡು ರನ್, ಅತ್ತಿಗೆಯ ನೈಟಿಗೆ ಬಡಿದರೆ ಔಟ್!

ಗೆರೆ ಎಳೆಯಲು ಸುಣ್ಣ ತರುವುದು ಬಿಟ್ಟು ಅಕ್ಕಿಹಿಟ್ಟಿಗೆ ಕೈ ಹಾಕಿದ. ರಂಗೋಲಿ ಬಿಡಿಸುವವರ ಮನೆತನ ನೋಡಿ! ಬೆಳಿಗ್ಗೆ ಎದ್ದರೆ, ಗುಲಾಬಿ ಎದೆಯ ಗಲಾ ಗಿಳಿಗಳ ದಂಡು ಸಾಲಾಗಿ ಕೂತು ಒಂದನೇ ಮೂಲೆಯಿಂದ ಮೂರನೇ ಮೂಲೆವರೆಗೆ ಗೆರೆಯನ್ನು ತಿಂದು ಮುಗಿಸುತ್ತಿತ್ತು. ಬೇಲಿಯಾಚೆಯ ಮುದುಕ ಇಣುಕಿ, "ಮೇಟ್, ನಿನ್ನ ಸ್ಟೇಡಿಯಮ್ ಹಾರಿಹೋಗ್ತಿದೆ" ಎಂದನಂತೆ. ಅಣ್ಣನ ಮಗಳು ತಲೆ ಚಚ್ಚಿಕೊಂಡು, "ಅಪ್ಪಾ, ಪ್ಲೀಸ್, ಡೋಂಟ್ ಟೆಲ್ ಎನಿವನ್ ಯು ಆರ್ ಆ್ಯನ್ ಎಂಜಿನಿಯರ್!" ಎಂದಳಂತೆ.

ಆದರೆ ಊರಿಗೆಲ್ಲ ಹಬ್ಬಿದ ಸುದ್ದಿ ಬೇರೆ. ಅವನ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಹಣೆಗೆ ಚೆಂಡು! ಟಪ್ ಎಂದು ಎಸೆದು, ಹತ್ತಿರ ಬಂದು ಮುಖ ನೋಡುತ್ತಾನೆ. "ನೋವಾಯ್ತಾ ಅಂಕಲ್? ಆಗ್ಲಿಲ್ಲ ತಾನೇ? ನಿಜ ಹೇಳಿ." ಪೂಜೆಗೆ ಬಂದ ಪುರೋಹಿತರನ್ನೂ ಬಿಡಲಿಲ್ಲ. ಚೆಂಡಿಗೆ ಕುಂಕುಮ ಹತ್ತಿತು, ಶುಭಶಕುನ ಎಂದ. ಕನ್ನಡದವರು ಸೇರಿದಲ್ಲೆಲ್ಲ ಇದನ್ನು ಹೇಳಿಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮನೆಗೆ ಬಂದು ಕನ್ನಡಿ ನೋಡಲಾಗಲಿಲ್ಲ.

ಏಳನೆಯ ಭಾನುವಾರ ಅತ್ತಿಗೆ ಫೋನು ಮಾಡಿದರು. "ಇವತ್ತು ಮಧ್ಯಾಹ್ನ ಮೊದಲನೇ ಮ್ಯಾಚು. ಬೆಳಿಗ್ಗೆಯಿಂದ ನಿಮ್ಮಣ್ಣ ಗೇಟೇ ನೋಡ್ತಿದಾರೆ ಕಣಮ್ಮ. ಬಂದ್ಬಿಡು."

ಹೋದೆ. ಬೋಂಡದ ತಟ್ಟೆಗಳ ಹಿಂದೆ ಬಚ್ಚಿಟ್ಟುಕೊಂಡು ನಿಂತೆ.

ಆಗಲೇ ಆಟ ಶುರುವಾಗಿತ್ತು. ಆಟವೇ ಅದು? ನಾಲ್ಕು ಮೂಲೆಗೆ ಅಣ್ಣ ಇಟ್ಟದ್ದು ಖಾಲಿ ಅಕ್ಕಿ ಚೀಲಗಳು, ಒಳಗೆ ಮರಳು ತುಂಬಿ ಜಿಪ್ ಎಳೆದವು. ಓಡಿ ಬಂದು ಚೀಲ ತುಳಿಯಬೇಕು, ಮುಂದಿನ ಚೀಲಕ್ಕೆ ಓಡಬೇಕು. ನಮ್ಮವರು ಅಕ್ಕಿ ತುಳಿದು ಹಾಗೇ ಓಡುವವರೇ? ತುಳಿದವರೆಲ್ಲ ನಿಂತು, ಬಗ್ಗಿ, ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಚೆಂಡು ಮುಂದಿನ ಮೂಲೆಯಲ್ಲಿ ಕಾಯುತ್ತಿತ್ತು. ಅರ್ಧ ಗಂಟೆಯಲ್ಲಿ ಹನ್ನೊಂದು ಮಂದಿ ಭಕ್ತಿಯಿಂದ ಔಟಾದರು!

"ಒಳಗಿರೋದು ಮರಳು ಕಣ್ರೀ!" ಅಣ್ಣ ಕಿರುಚಿದ.

"ಹೊರಗೆ ಸೋನಾ ಮಸೂರಿ ಅಂತ ಇದೆಯಲ್ಲಪ್ಪಾ," ಎಂದರು ಒಬ್ಬರು ಆಂಟಿ, ಇನ್ನೊಮ್ಮೆ ಕಣ್ಣಿಗೊತ್ತಿಕೊಳ್ಳುತ್ತ.

ನಾನು ನಗುತ್ತಿದ್ದೆ. ಅವನು ನೋಡಿಬಿಟ್ಟ.

"ಪುಟ್ಟಿ! ಬಾ, ಬ್ಯಾಟಿಂಗ್ ನಿಂದು."

"ನಂಗೆ ಬರಲ್ಲ ಅಣ್ಣ."

ಬಂದು ಹಳದಿ ಬ್ಯಾಟನ್ನು ಕೈಗಿತ್ತು, ದೂರ ಹೋಗಿ ನಿಂತ. ಚೆಂಡು ಎತ್ತಿದ. ನನ್ನ ಹಣೆ ನೋಡಿದ. ಒಂದು ಹೆಜ್ಜೆ ಮುಂದೆ ಬಂದ. ಮತ್ತೆ ಎತ್ತಿದ, ಮತ್ತೆ ಎರಡು ಹೆಜ್ಜೆ ಬಂದ. "ಅಪ್ಪಾ, ಜಸ್ಟ್ ಥ್ರೋ ಇಟ್!" ಎಂದು ಮಗಳು ಕೂಗಿದಳು. ಎಲ್ಲರೂ ನಕ್ಕರು. ಬರುತ್ತ ಬರುತ್ತ ಅವನು ನನ್ನಿಂದ ಒಂದು ಮಾರು ದೂರದಲ್ಲಿದ್ದ.

"ಅಣ್ಣ, ಇನ್ನೂ ಹತ್ರ ಬಂದ್ರೆ ಕೈಗೇ ಕೊಡ್ಬಹುದು," ಎಂದೆ.

ಅವನು ನಗಲಿಲ್ಲ. ಐವತ್ತೊಂದು ವರ್ಷದ ಗಂಡಸು. ಕೈಯಲ್ಲಿ ತೂಕವೇ ಇಲ್ಲದ ಚೆಂಡು. ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ.

"ಹೆದರ್ಬೇಡ ಪುಟ್ಟಿ," ಎಂದ ಮೆಲ್ಲಗೆ. "ಎಲ್ರ ಮೇಲೂ ಎಸೆದು ನೋಡಿದೀನಿ. ಇದು ಬಡಿದ್ರೂ ಏನೂ ಆಗಲ್ಲ."

ಬ್ಯಾಟು ನನ್ನ ಕೈಯಿಂದ ಹುಲ್ಲಿಗೆ ಬಿತ್ತು.

"ಅಣ್ಣ, ಅವತ್ತೂ ಬಡೀಲಿಲ್ಲ. ನಾನು ಸೀಬೆಹಣ್ಣು ಕದಿಯಕ್ಕೆ ಹೋಗಿ ಕಾಂಪೌಂಡಿಂದ ಬಿದ್ದೆ. ಅಪ್ಪಂಗೆ ಸುಳ್ಳು ಹೇಳ್ದೆ."

ಅವನು ಚೆಂಡು ನೋಡಿದ, ಮತ್ತೆ ನನ್ನ ಹಣೆ ನೋಡಿದ.

"ಬಡೀಲೇ ಇಲ್ವಾ?"

"ಇಲ್ಲ ಅಣ್ಣ. ನೀನು ಯಾರನ್ನೂ ನೋಯ್ಸಿಲ್ಲ. ನಾನೇ ನಿನ್ನ ನೋಯ್ಸಿದ್ದು, ಇಷ್ಟು ವರ್ಷ ಬಾಯಿ ಮುಚ್ಕೊಂಡು. ತಪ್ಪಾಯ್ತು ಅಣ್ಣ. ನನ್ನ ಕ್ಷಮಿಸ್ಬಿಡು."