ಲೆಕ್ಕದ ಪುಸ್ತಕ ಆರಿಸಿಕೊಟ್ಟ ಗಾಡಿ

ವೀರಭದ್ರಪ್ಪ ಕಾಕಾ ತಾವೇ ಜೋಡಿಸಿ ಮಹಾನಂದಾಳ ಮನೆಗೆ ತಂದಿದ್ದ ಹೊಸ ಯಂತ್ರದ ಮೇಲೆ ಹೊದಿಸಿದ್ದ ಲುಂಗಿಯನ್ನು ಮದುಮಗಳ ಸೆರಗು ಸರಿಸುವಷ್ಟು ನಾಜೂಕಾಗಿ ಸರಿಸಿದರು. ಒಳಗಿದ್ದದ್ದು ಹಳೆಯ ಕೂಲರಿನ ತಗಡಿನ ಪೆಟ್ಟಿಗೆ. ಕೆಳಗೆ ಮೂರು ಗಾಲಿ, ಮುಂದೆ ಎರಡು ತಗಡಿನ ಕೈ, ನೆತ್ತಿಯ ಮೇಲೆ ರೇಡಿಯೋದ ಏರಿಯಲ್, ಬೆನ್ನ ಮೇಲೊಂದು ಹಿತ್ತಾಳೆಯ ತಟ್ಟೆ.

"ಕೂಸು ಈ ತಟ್ಟಿ ಮ್ಯಾಲೆ ಅಂಗೈ ಇಟ್ರ ಸಾಕವಾ ಮಹಾನಂದಾ," ಎಂದರು ಕಾಕಾ. "ಅದರ ಮನಸ್ಸು ಏನು ಬೇಡತೈತಿ, ಅದನ್ನ ಹುಡುಕಿ ಕೊಡತೈತಿ."

ಮಹಾನಂದಾ ನಂಬಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಆಕೆಯ ಗಂಡ ಗದಗಿನ ಆಚೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವವನು. ಅಲ್ಲಿಯೇ ಒಂಟಿ ಮನೆ. ಶಾಲೆಯ ಗಾಡಿ ಅಷ್ಟು ಎತ್ತರಕ್ಕೆ ಹತ್ತುತ್ತಿರಲಿಲ್ಲವಾದ್ದರಿಂದ ಇಬ್ಬರು ಹೆಣ್ಣುಮಕ್ಕಳಿಗೂ ಆಕೆಯೇ ಮನೆಯಲ್ಲಿ ಪಾಠ ಹೇಳುತ್ತಿದ್ದಳು. ಈ ಜೂನಿನಲ್ಲಿ ದೊಡ್ಡವಳು ದಾನೇಶ್ವರಿ ಗುಡ್ಡದ ಬುಡದಲ್ಲಿರುವ ವಸತಿ ಶಾಲೆಗೆ ಹೋದಳು. ಮಕ್ಕಳು ಹೊಂದಿಕೊಳ್ಳಲಿ, ದಸರೆಯವರೆಗೆ ಯಾರೂ ನೋಡಲು ಬರಬೇಡಿ ಎಂದು ಅಲ್ಲಿನ ವಾರ್ಡನ್ ಬಾಯಿ ಹೇಳಿಬಿಟ್ಟಿದ್ದರು. ಅಂದಿನಿಂದ ಚಿಕ್ಕವಳು ಪಲ್ಲವಿ ಲೆಕ್ಕ ಬಿಟ್ಟಳು. ಕತೆ ಓದುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು. ಎರಡು ಸಂಖ್ಯೆ ಕೂಡಿಸು ಎಂದರೆ ಮಾತ್ರ ತುಟಿ ಹೊಲಿದುಕೊಂಡು ಕೂರುತ್ತಿದ್ದಳು.

ಮಹಾನಂದಾಳ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಬೆಳಿಗ್ಗೆ ಮಗಳಿಗೆ ಜಡೆ ಹಾಕಲು ಕೂತರೆ ಎರಡು ತಲೆಗಾಗುವಷ್ಟು ಎಣ್ಣೆ ಅಂಗೈಗೆ ಸುರಿದುಕೊಂಡು, ಉಳಿದದ್ದನ್ನು ಏನು ಮಾಡುವುದೆಂದು ತಿಳಿಯದೆ ತನ್ನ ಕೈಗೇ ಸವರಿಕೊಳ್ಳುತ್ತಿದ್ದಳು. ಪಟ್ಟಣದಿಂದ ಬಗೆಬಗೆಯ ಗಣಿತ ಪಾಠಕ್ರಮ ತರಿಸಿದ್ದಳು. ಒಂದರಲ್ಲಿ ಮರದ ತುಂಡುಗಳಿಂದ ಕಲಿಸುವುದು, ಒಂದರಲ್ಲಿ ಹಾಡಿನಿಂದ, ಒಂದರಲ್ಲಿ ಕತೆಯಿಂದ. ಇನ್ನೊಂದು ತೆಳ್ಳನೆಯದು, ಅದರಲ್ಲಿ ಬರೀ ಲೆಕ್ಕ ಮತ್ತು ಖಾಲಿ ಜಾಗ. ತಾನು ಓದುವಾಗ ಎಲ್ಲವೂ ಸರಿ ಅನಿಸುತ್ತಿತ್ತು. ಮಗಳ ಮುಖ ನೋಡಿದರೆ ಒಂದೂ ಸರಿ ಅನಿಸುತ್ತಿರಲಿಲ್ಲ.

ಪಲ್ಲವಿ ತಟ್ಟೆಯ ಮೇಲೆ ಅಂಗೈ ಇಟ್ಟಳು. ಯಂತ್ರ ಕೆಮ್ಮಿತು. ಮರದ ತುಂಡುಗಳ ಪುಸ್ತಕ ಎತ್ತಿ, ಮೂಸಿದಂತೆ ಮಾಡಿ, ಮಂಚದ ಕೆಳಗೆ ಒಗೆಯಿತು. ಹಾಡಿನ ಪುಸ್ತಕ ಹೋಗಿ ಕುದಿಯುವ ಬೇಳೆಯಲ್ಲಿ ಬಿತ್ತು. ಕತೆಯದು ಕಿಟಕಿಯಿಂದ ಹಾರಿ ಗುಡ್ಡದ ಗಾಳಿಗೆ ಸಿಕ್ಕಿ ಪಕ್ಕದ ತಾಲ್ಲೂಕಿನ ಕಡೆಗೆ ಹೊರಟಿತು. ತೆಳ್ಳನೆಯದು ಕಾಕಾನ ನೆತ್ತಿಯ ಮೇಲೆ ಬಿತ್ತು.

ಸ್ವಲ್ಪ ಆರಿಸೂದು ಜಾಸ್ತಿ ಐತಿ ಅಷ್ಟೇ ಎಂದು ಕಾಕಾ ಸಮಾಧಾನ ಹೇಳುತ್ತಿರುವಾಗಲೇ ಯಂತ್ರ ಕ್ಯಾಲೆಂಡರ್ ಕಿತ್ತಿತು, ಗಡಿಯಾರ ಇಳಿಸಿತು, ತಕ್ಕಡಿಯನ್ನು ಹಿತ್ತಲಿಗೆ ಎಸೆಯಿತು. ಮನೆಯಲ್ಲಿ ಲೆಕ್ಕಕ್ಕೆ ಸಂಬಂಧಪಟ್ಟದ್ದು ಏನೂ ಉಳಿಯದಿದ್ದಾಗ ಏರಿಯಲ್ಲನ್ನು ಒಂದು ಸುತ್ತು ತಿರುಗಿಸಿ ಬಾಗಿಲಿನ ಕಡೆ ಹೊರಳಿತು. ತಟ್ಟೆಯಿಂದ ಕೈ ತೆಗೆಯಬೇಡ ಎಂದು ಕಾಕಾ ಮೊದಲೇ ಹೇಳಿದ್ದರು. ಪಲ್ಲವಿ ವಿಧೇಯಳಾಗಿ ಅದರ ಬೆನ್ನೇರಿ ಕೂತಳು. ಗಾಡಿ ಹೊಸ್ತಿಲು ದಾಟಿತು.

"ನಿಲ್ಲಸ್ರಿ ಕಾಕಾ ಅದನ್ನ."

"ನಿಲ್ಲಸೂ ಗುಂಡಿ ಇನ್ನೂ ಕೂಡಿಸಿಲ್ಲವಾ. ನಡೀತೈತೋ ಇಲ್ಲೋ ಅಂತ ನನಗ ಸಂಶಯ ಇತ್ತು."

ಎತ್ತಿನ ಬಂಡಿಯ ವೇಗದಲ್ಲಿ ಅದು ಗುಡ್ಡ ಇಳಿಯತೊಡಗಿತು. ಒಂದು ಬದಿಗೆ ಮಹಾನಂದಾ, ಇನ್ನೊಂದು ಬದಿಗೆ ಕಾಕಾ. ಕೈ ತೆಗಿ ಕೂಸ ಎಂದು ಕಾಕಾ ಬೇಡಿಕೊಂಡಾಗ ಪಲ್ಲವಿ ಎರಡನೆಯ ಅಂಗೈಯನ್ನೂ ತಟ್ಟೆಗೆ ಒತ್ತಿದಳು. ಬೇಳೆ ಹಾಳಾಯಿತೆಂದು ಮಹಾನಂದಾ ಬೈದಳು. ವಿಜ್ಞಾನ ಬೆಳೆಯುವಾಗ ಇದೆಲ್ಲ ಆಗುವುದೇ ಎಂದು ಕಾಕಾ ವಾದಿಸಿದರು.

ಗುಡ್ಡದ ಬುಡದಲ್ಲಿ ರಸ್ತೆ ಎರಡಾಗುತ್ತದೆ. ಎಡಕ್ಕೆ ಪೇಟೆ, ಬಲಕ್ಕೆ ವಸತಿ ಶಾಲೆ. ಆ ಹೊತ್ತಿಗೆ ಯಂತ್ರದ ಹಿಂದೆ ಬ್ಯಾಟರಿಯ ವೈರು ಜೋತಾಡುತ್ತಿರುವುದು ಮಹಾನಂದಾಳ ಕಣ್ಣಿಗೆ ಬಿತ್ತು. ಒಮ್ಮೆ ಜಗ್ಗಿದರೆ ಮುಗಿಯಿತು. ಕೈ ಚಾಚಿದಳು. ಗಾಡಿ ಬಲಕ್ಕೆ ತಿರುಗಿತು.

ಆಕೆ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಏನೂ ಕಾಣದವಳ ಹಾಗೆ ಮುಂದೆ ನಡೆದಳು. ಅಲ್ಲಿಂದಾಚೆ ಬೈಗುಳವೂ ನಿಂತಿತು.

ಭಾನುವಾರವಾದ್ದರಿಂದ ಶಾಲೆಯ ಅಂಗಳದಲ್ಲಿ ಮಕ್ಕಳು ಬಟ್ಟೆ ಒಗೆಯುತ್ತಿದ್ದರು. ದಾನೇಶ್ವರಿ ಸಾಬೂನಿನ ಕೈಯಲ್ಲೇ ಓಡಿಬಂದವಳು, ಗೆಳತಿಯರ ಮುಂದೆ ನಾಚಿ ನಡುವೆ ನಿಂತಳು. ಆಮೇಲೆ ನಾಚಿಕೆ ಮರೆತು ಬಂದು ಅವ್ವನ ಹೊಟ್ಟೆಗೆ ತಲೆ ಒತ್ತಿದಳು. ಎತ್ತರವಾಗಿದ್ದಳು. ಜಡೆ ಸೊಟ್ಟಗಿತ್ತು. ಪಲ್ಲವಿ ಗಾಡಿಯಿಂದ ಜಾರಿ ಇಳಿದು ಅಕ್ಕನ ಫ್ರಾಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ವಾರ್ಡನ್ ಬಾಯಿ ನಿಯಮ ನೆನಪಿಸಿದರು. ನಾವು ಯಾರೂ ಬಂದಿಲ್ಲ, ಯಂತ್ರ ಬಂದಿದೆ, ನಾವು ಅದರ ಹಿಂದೆ ಇದ್ದೇವೆ ಎಂದು ಕಾಕಾ ತಿಳಿಸಿ ಹೇಳಿದರು.

ಮಹಾನಂದಾ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಪುಸ್ತಕಗಳ ಪಾಡು ಹೇಳಿಕೊಂಡಳು. ತಂಗಿಗೆ ಯಾವುದು ಸರಿಯಾದೀತು ಎಂದು ಕೇಳಿದಳು.

"ಯಾವುದಾದ್ರೂ ನಡಿತೈತವ್ವಾ," ಎಂದಳು ದಾನೇಶ್ವರಿ. "ನೀ ಆಕಿಗೆ ಕಲಸಬ್ಯಾಡ. ನೀ ತಪ್ಪು ಹೇಳು. ನಾ ಯಾವಾಗ್ಲೂ ತಪ್ಪು ಹೇಳತಿದ್ದೆ, ಆಕಿ ನನ್ನ ತಿದ್ದತಿದ್ಲು."

ಮಹಾನಂದಾಳ ಬೆರಳು ಜಡೆಯಲ್ಲೇ ನಿಂತವು. ತಾನು ಇಷ್ಟು ದಿನ ಒಂದು ಉತ್ತರವನ್ನೂ ತಪ್ಪಾಗಲು ಬಿಟ್ಟಿರಲಿಲ್ಲ. ಮತ್ತೆ ಹೆಣೆಯತೊಡಗಿ, ಎಂಟಕ್ಕೆ ಆರು ಕೂಡಿಸಿದರೆ ಹನ್ನೆರಡು ಅಲ್ಲೇನು ಎಂದು ಗಾಳಿಗೆ ಹೇಳಿದಂತೆ ಹೇಳಿದಳು.

ಪಲ್ಲವಿ ಅಕ್ಕನ ಫ್ರಾಕು ಬಿಟ್ಟು ಅವ್ವನ ಮುಂದೆ ಬಂದು ನಿಂತಳು.

"ಹದಿನಾಲ್ಕು," ಎಂದಳು. "ನೀ ಅಕ್ಕಗಿಂತ ದಡ್ಡಿ ಇದ್ದಿ."

ಜೂನಿನಿಂದ ಆ ಬಾಯಿಂದ ಬಂದ ಮೊದಲ ಸಂಖ್ಯೆ ಅದು. ತೆಳ್ಳನೆಯ ಪುಸ್ತಕವೇ ಸಾಕೆಂದು ಮಹಾನಂದಾ ನಿರ್ಧರಿಸಿದಳು. ತಪ್ಪು ಬರೆಯಲು ಅದರಲ್ಲಿ ಬೇಕಾದಷ್ಟು ಜಾಗವಿತ್ತು.

ಇತ್ತ ಅಂಗಳದ ಮಕ್ಕಳೆಲ್ಲ ಯಂತ್ರವನ್ನು ಮುತ್ತಿದ್ದರು. ತಟ್ಟೆಯ ಮೇಲೆ ಒಂದರ ಮೇಲೊಂದು ಒದ್ದೆ ಅಂಗೈಗಳು ಬಿದ್ದವು. ಯಂತ್ರ ನಡುಗಿತು. ಒಂದು ಕೂಸಿನ ಊರಾದ ರೋಣದ ಕಡೆ ಎರಡು ಹೆಜ್ಜೆ ಹೋಯಿತು, ತಟ್ಟನೆ ಇನ್ನೊಂದರ ಊರಾದ ಲಕ್ಷ್ಮೇಶ್ವರದ ಕಡೆ ತಿರುಗಿತು, ಶಿರಹಟ್ಟಿ, ಮುಂಡರಗಿ, ಮತ್ತೆ ರೋಣ. ನಿಂತಲ್ಲೇ ಬುಗುರಿಯಂತೆ ಗರಗರ ಸುತ್ತತೊಡಗಿತು. ಒಂದು ಗಾಲಿ ನೀರಿನ ತೊಟ್ಟಿಗೆ ಹಾರಿತು, ಒಂದು ಅಡುಗೆಮನೆಗೆ ಉರುಳಿತು, ಮೂರನೆಯದು ಎಲ್ಲಿ ಹೋಯಿತೋ. ಪೆಟ್ಟಿಗೆ ನೆಲಕ್ಕೆ ಕುಸಿದು ಕೂತಿತು. ಮಕ್ಕಳು ಜೊತೆಗೇ ಕುಸಿದು ಕೂತರು. ಒಬ್ಬರೂ ಕೈ ತೆಗೆಯಲಿಲ್ಲ.

ಕಾಕಾ ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡರು.

"ಇಷ್ಟು ಮಂದಿಗೆ ಕೂಲರಿನ ಮೋಟರು ಸಾಲೂದಿಲ್ಲ," ಎಂದರು.